ಅಜ್ಜಿ ಗಂಜಿ ಹಾಕಿದ ಗಾಡಿ

ಪ್ರತಿ ಅಮಾವಾಸ್ಯೆಯ ಬೆಳಿಗ್ಗೆ ನಮ್ಮ ಹಿತ್ತಲಿನ ಶೆಡ್ಡಿನಿಂದ ಜಗಳದ ಸದ್ದು ಏಳುತ್ತದೆ. ಪಕ್ಕದ ಮನೆಗೆ ಬಾಡಿಗೆಗೆ ಬಂದ ಹೊಸ ಮದುಮಗಳು ಮೊದಲ ಸಲ ಅದನ್ನು ಕೇಳಿ ಹೆದರಿಬಿಟ್ಟಳು. ಅವಳು ಗೋಡೆಯ ಮೇಲಿಂದ ಇಣುಕಿದಾಗ ನನ್ನ ಕೈಯಲ್ಲಿ ನಟ್ಟು ಬಿಚ್ಚುವ ದೊಡ್ಡ ಪಾನಾ ಇತ್ತು, ನನ್ನ ಗಂಡನ ಮೂಗಿನ ತುದಿಯಲ್ಲಿ ಗ್ರೀಸ್ ಇತ್ತು, ನಮ್ಮಿಬ್ಬರ ನಡುವೆ ಒಂದು ಹಳೆಯ ಕಾರು ಬಾಯಿ ತೆರೆದುಕೊಂಡು ನಿಂತಿತ್ತು.

"ಅಕ್ಕಾರ, ಏನಾತ್ರೀ? ಯಾಕ ಜಗಳಾಡಾಕತ್ತೀರಿ?"

"ಜಗಳ ಅಲ್ಲವ್ವ, ಪ್ರೀತಿ ಮಾಡಾಕತ್ತೀವಿ," ಅಂದೆ.

ಹುಡುಗಿ ನಾಚಿ ಗೋಡೆಯಾಚೆ ಮಾಯವಾದಳು. ನಾನೇನೂ ತಮಾಷೆ ಮಾಡಿರಲಿಲ್ಲ. ತೆರೆದ ಬಾನೆಟ್ಟಿನ ಮುಂದೆ ನಿಂತು, ಗಂಟಲು ಹರಿಯುವಂತೆ ಒಬ್ಬರಿಗೊಬ್ಬರು ಕೂಗಾಡುವುದೇ ಗಂಡ ಹೆಂಡತಿಯ ಪ್ರೀತಿ ಎಂದು ನಾನು ಚಿಕ್ಕಂದಿನಲ್ಲೇ ಕಲಿತುಬಿಟ್ಟಿದ್ದೆ. ಈ ವಯಸ್ಸಿನಲ್ಲಿ ಅದನ್ನು ಮರೆಯಲು ಹೋದರೆ ಆಗುವ ಮಾತಲ್ಲ. ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಾಗ ಎಲ್ಲರೂ ನನ್ನನ್ನು ನೋಡುತ್ತಿದ್ದರೆ ಇವರು ಮಾತ್ರ ಕಿಟಕಿಯಿಂದಾಚೆ ಕೊಟ್ಟಿಗೆಯಲ್ಲಿದ್ದ ಕಾರನ್ನೇ ನೋಡುತ್ತ ಕೂತಿದ್ದರು. ಬೇರೆ ಹುಡುಗಿಯಾಗಿದ್ದರೆ ಉರಿದುಹೋಗುತ್ತಿದ್ದಳು. ನಾನು ಒಳಗೆ ಹೋಗಿ ಅವ್ವನಿಗೆ, "ಇವನ್ನ ಬಿಡಬ್ಯಾಡ್ರಿ," ಎಂದು ಹೇಳಿದೆ. ಅದೇ ಕಾರು ಇದು. ಈಗ ಸಡಕು ಚೆನ್ನಾಗಿದೆ, ಕೃಷ್ಣೆ ದಾಟಿ ಗದ್ವಾಲದವರೆಗೂ ಹೋಗಿ ಮಿರ್ಚಿ ಬಜ್ಜಿ ತಿಂದು ಬರುತ್ತೇವೆ. ಆದರೆ ನನ್ನ ಬಾಲ್ಯದಲ್ಲಿ ಇದು ನಾರಾಯಣಪೇಟೆಯಿಂದ ಮಕ್ತಲ್‌ವರೆಗೆ ಹೋಗಿ ಬರುವುದೇ ನಮ್ಮ ಮನೆಯ ಪಾಲಿಗೆ ಅಳಿವು ಉಳಿವಿನ ಪ್ರಶ್ನೆಯಾಗಿತ್ತು.

ನಮ್ಮದು ನಾರಾಯಣಪೇಟೆಯ ನೇಕಾರರ ಓಣಿ. ಮನೆಯ ಪಡಸಾಲೆಯಲ್ಲಿ ಎರಡು ಕುಣಿಮಗ್ಗ. ಅಪ್ಪ ಒಂದರಲ್ಲಿ, ಅವ್ವ ಇನ್ನೊಂದರಲ್ಲಿ, ಸೊಂಟದವರೆಗೆ ನೆಲದೊಳಗೆ ಕಾಲಿಳಿಬಿಟ್ಟುಕೊಂಡು ದಿನವಿಡೀ ಎದುರುಬದುರು ಕೂತಿರುತ್ತಿದ್ದರು. ನಡುವಿನ ಕಂಬಕ್ಕೆ ಒರಗಿ ನಮ್ಮಜ್ಜಿ ನಾಗಮ್ಮ ರಾಟೆ ತಿರುಗಿಸುತ್ತ ಕೂರುತ್ತಿದ್ದಳು. ಅವಳು ಆ ಮನೆಯ ಸರ್ಕಾರ. ಅವಳ ಕಾನೂನಿನಲ್ಲಿ ಬಹಳ ದೊಡ್ಡದೊಂದು ಕಲಮು ಇತ್ತು: ಹಿರಿಯರ ಮುಂದೆ ಸೊಸೆಯಾದವಳು ಗಂಡನ ಜೊತೆ ನೇರ ಮಾತಾಡಬಾರದು, ಮಗನಾದವನು ಹೆಂಡತಿಯನ್ನು ಹೆಸರು ಹಿಡಿದು ಕರೆಯಬಾರದು. ಅಜ್ಜಿಯೋ ಮನೆ ಬಿಟ್ಟು ಎಲ್ಲಿಗೂ ಹೋಗುವವಳಲ್ಲ. ಹೀಗಾಗಿ ದಿನವಿಡೀ ಎದುರೆದುರು ಕೂತ ಅಪ್ಪ ಅವ್ವನ ನಡುವೆ ಲಾಳಿಗಳ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಮಾತು ಬೇಕೇ ಬೇಕಾದಾಗ ನಾನಿದ್ದೆನಲ್ಲ, ಒಬ್ಬಳೇ ಮಗಳು. ನಾನು ಆ ಮನೆಯ ಟಪಾಲು.

ಊಟದ ಹೊತ್ತಿಗಂತೂ ನನಗೆ ಪುರುಸೊತ್ತೇ ಇರುತ್ತಿರಲಿಲ್ಲ. ಅಡಿಗೆಮನೆ ಎಂದರೆ ಇಬ್ಬರು ಕೂತರೆ ಮೂರನೆಯವರ ಮೊಣಕಾಲು ಒಲೆಗೆ ತಾಗುವಂಥದ್ದು. ಅಪ್ಪ ತಾಟಿನ ಮುಂದೆ, ಅಜ್ಜಿ ಅವನ ಪಕ್ಕಕ್ಕೆ, ಅವ್ವ ಒಲೆಯ ಮುಂದೆ. ಕೈ ಚಾಚಿದರೆ ಒಬ್ಬರಿಗೊಬ್ಬರು ಸಿಗುತ್ತಾರೆ. ಆದರೂ ಮಾತು ನನ್ನ ಮೂಲಕವೇ ಹೋಗಬೇಕು.

"ಪದ್ದೀ, ನಿಮ್ಮಪ್ಪಗ ಕೇಳು, ಇನ್ನೊಂದು ರೊಟ್ಟಿ ಹಾಕ್ಲೇನಂತ."

"ಅಪ್ಪಾ, ಇನ್ನೊಂದು ರೊಟ್ಟಿ ಹಾಕ್ಲೇನಂತ."

"ಸಾಕಂತ ಹೇಳು. ಪುಂಡಿಪಲ್ಯ ಇದ್ರ ಹಾಕು ಅಂತ ಹೇಳು."

"ಅವ್ವಾ, ಸಾಕಂತ. ಪುಂಡಿಪಲ್ಯ ಇದ್ರ ಹಾಕ್ಬೇಕಂತ."

ಇಷ್ಟರಲ್ಲಿ ಅವ್ವ ಪಲ್ಯ ಹಾಕಿ ಆಗಿರುತ್ತಿತ್ತು. ಆದರೂ ಟಪಾಲು ಮುಟ್ಟಿಸಲೇಬೇಕು. ನನ್ನ ರೊಟ್ಟಿ ತಣ್ಣಗಾಗುತ್ತಿತ್ತು, ನನಗೆ ಸಿಟ್ಟು ಬರುತ್ತಿತ್ತು. ಅದಕ್ಕಿಂತ ಹೆಚ್ಚಾಗಿ ಒಂದು ಸಂಶಯ ಕಾಡುತ್ತಿತ್ತು: ಇವರಿಬ್ಬರಿಗೂ ಒಬ್ಬರನ್ನೊಬ್ಬರು ಕಂಡರೆ ಆಗುವುದೇ ಇಲ್ಲವೇನೋ! ಓಣಿಯ ಬೇರೆ ಮನೆಗಳಲ್ಲೂ ಅದೇ ಪದ್ಧತಿಯಿತ್ತು ಎನ್ನಿ. ಆದರೆ ಮಕ್ಕಳಿಗೆ ತಮ್ಮ ಮನೆಯದೇ ದುಃಖ, ಊರಿನ ಪದ್ಧತಿ ಕಟ್ಟಿಕೊಂಡು ಏನು ಮಾಡುವುದು?

ಆ ಕಾಲದಲ್ಲೇ ಮುಂಗುಸಿ ಬಂದದ್ದು. ಮಕ್ತಲ್ ದಾಟಿ ಹೊಳೆಯ ಕಡೆಗಿರುವ ಒಂದು ಊರಿನ ಹಳೆಯ ವಾಡೆಗೆ ಅಪ್ಪ ಸೀರೆ ಒಯ್ದಿದ್ದ. ಅಲ್ಲಿ ದನದ ಹಕ್ಕೆಯ ಮೂಲೆಯಲ್ಲಿ, ಹುಲ್ಲಿನ ಕೆಳಗೆ, ಯಾವುದೋ ಕಾಲದಲ್ಲಿ ವಾಡೆಯ ಸಾಹುಕಾರರು ಶೋಕಿಗೆ ತರಿಸಿದ್ದ ವಿಲಾಯತಿ ಕಾರೊಂದು ಬಿದ್ದಿತ್ತು. ಓಟದ ಶರ್ಯತ್ತಿನಲ್ಲಿ ಓಡಿಸಲೆಂದೇ ಮಾಡಿದ ಗಾಡಿ. ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು, ಉದ್ದನೆಯ ಮೂತಿ, ಮೇಲೆ ಮುಚ್ಚಿಗೆಯಿಲ್ಲ, ಮಳೆ ಬಂದರೆ ಹೊದಿಸಲು ಮಡಚುವ ಒಂದು ಕಿತ್ತಾನಿನ ದಪ್ಪ ಬಟ್ಟೆಯ ಟಪ್ಪು, ಒಳಗೆ ಎರಡೇ ಎರಡು ಸೀಟು. ಆ ಸೀಟುಗಳಲ್ಲಿ ಕೋಳಿಗಳು ಮೊಟ್ಟೆಯಿಡುತ್ತಿದ್ದವು. ಅಪ್ಪ ಮೀಸೆ ಮೂಡುವ ವಯಸ್ಸಿನಲ್ಲಿ ರಾಯಚೂರಿಗೆ ಓಡಿಹೋಗಿ ಒಂದು ಗ್ಯಾರೇಜಿನಲ್ಲಿ ಕೆಲಸ ಮಾಡಿದ್ದವನು. ಅಜ್ಜ ಹೋಗಿ ಕಿವಿ ಹಿಡಿದು ಎಳೆತಂದು ಮಗ್ಗದ ಕುಣಿಯಲ್ಲಿ ಕೂರಿಸಿದ್ದನಂತೆ. ಆ ಗಾಡಿಯ ಮುಂದೆ ಅಪ್ಪ ಎಷ್ಟು ಹೊತ್ತು ನಿಂತಿದ್ದನೋ ಏನೋ, ವಾಡೆಯ ಮುದುಕಮ್ಮನಿಗೆ ಬೇಸರವಾಗಿ, "ಬೇಕಾದ್ರ ತಗೊಂಡು ಹೋಗಪ್ಪ, ಕೋಳಿಗೆ ಬ್ಯಾರೆ ಜಾಗ ನೋಡ್ತೀನಿ," ಎಂದಳಂತೆ. ಎರಡು ಎತ್ತು ಕಟ್ಟಿ ಎಳೆಸಿಕೊಂಡು ಅಪ್ಪ ಅದನ್ನು ಊರಿಗೆ ತಂದ. ಜೊತೆಗೆ ಒಂದು ಕೋಳಿಯೂ ಬಂದಿತ್ತು, ಸೀಟು ಬಿಟ್ಟು ಇಳಿಯಲು ಅದಕ್ಕೆ ಮನಸ್ಸಿರಲಿಲ್ಲ. ಮೂತಿಯ ಮೇಲಿನ ಅಕ್ಷರಗಳೆಲ್ಲ ಉದುರಿದ್ದರಿಂದ ಗಾಡಿಯ ನಿಜವಾದ ಹೆಸರು ಯಾರಿಗೂ ಗೊತ್ತಾಗಲಿಲ್ಲ, ಓಣಿಯವರು ಮುಂಗುಸಿ ಎಂದರು. ಅಜ್ಜಿ ಮಾತ್ರ ಕೊನೆಯವರೆಗೂ ಕೋಳಿಗೂಡು ಎಂದಳು.

ಹಿತ್ತಲಿನ ಕೊಟ್ಟಿಗೆಯಲ್ಲಿ ಮೂರನೆಯ ಮಗ್ಗ ಹಾಕಬೇಕೆಂದು ಅಜ್ಜಿಯ ಆಸೆ. ಅಲ್ಲಿ ಮುಂಗುಸಿ ಹೋಗಿ ಕೂತಿತು. ಅಪ್ಪ ಒಂದು ಅಮಾವಾಸ್ಯೆಯ ದಿನ ಅದರ ಬಾನೆಟ್ ತೆರೆದು ಎಂಜಿನ್ನು ಹೊರಡಿಸಲು ನಿಂತ. ಅಮಾವಾಸ್ಯೆಗೆ ನಮ್ಮಲ್ಲಿ ಮಗ್ಗಕ್ಕೆ ರಜೆ, ಆ ದಿನ ಯಾರೂ ಲಾಳಿ ಮುಟ್ಟುವುದಿಲ್ಲ. ಅವ್ವ ಚಹಾ ಕೊಡುವ ನೆಪದಲ್ಲಿ ಹೋದವಳು ಎಷ್ಟು ಹೊತ್ತಾದರೂ ಬರಲಿಲ್ಲ. ನೋಡಿಕೊಂಡು ಬಾ ಎಂದು ಅಜ್ಜಿ ನನ್ನನ್ನು ಕಳಿಸಿದಳು. ಕೊಟ್ಟಿಗೆಯ ಬಾಗಿಲಿಗೆ ಬರುವಷ್ಟರಲ್ಲಿ ಒಳಗಿನಿಂದ ಎಂಜಿನ್ನಿನ ಕುಂಟು ಬಡಿತದ ಮೇಲೆ ಅವ್ವನ ದನಿ ಕೇಳಿಸಿತು. ಅವ್ವನಿಗೆ ಅಷ್ಟು ದೊಡ್ಡ ದನಿಯಿದೆ ಎಂದು ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ.

"ಸರಿಯಾಗಿ ಕೇಳ್ರೀ! ನಾಕರಾಗ ಒಂದು ಹೆಜ್ಜಿ ತಪ್ಪಾಕತ್ತೈತಿ. ಮಗ್ಗದಾಗ ಎಳಿ ಹರದ್ರ ಗೊತ್ತಾಗಂಗಿಲ್ಲೇನು ನಿಮಗ?"

"ನಾ ಗ್ಯಾರೇಜಿನಾಗ ಕೆಲಸ ಮಾಡ್ದಾಂವ. ನನಗ ಹೇಳಾಕ ಬರ್ತಿಯಲ್ಲ ಸುಸೀ!"

"ಕೆಲಸ ಮಾಡಿದ್ದು ಖರೇ, ಕಿವಿ ಅಲ್ಲೇ ಬಿಟ್ಟು ಬಂದೀರೇನು?"

ಆಮೇಲೆ ಇಬ್ಬರೂ ನಕ್ಕರು. ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಬಾಗಿಲ ಹಿಂದೆ ಹಾಗೇ ನಿಂತುಬಿಟ್ಟೆ. ಅಪ್ಪನ ಬಾಯಲ್ಲಿ ಅವ್ವನಿಗೆ ಒಂದು ಹೆಸರಿತ್ತು, ಸುಸೀ! ಸುಶೀಲಾ ಕೂಡ ಅಲ್ಲ, ಸುಸೀ! ನನಗೆ ಅಳುವಷ್ಟು ಖುಷಿಯಾಯಿತು. ಒಳಗೆ ಹೋಗಿ ಅಜ್ಜಿಗೆ, "ಅವ್ವ ಕಸ ಗುಡಸಾಕತ್ತಾಳ," ಎಂದು ಹೇಳಿದೆ.

ಅಲ್ಲಿಂದ ಅಮಾವಾಸ್ಯೆ ಎಂದರೆ ನಮಗೆ ಹಬ್ಬ. ಅವ್ವನ ಕಿವಿ, ಅಪ್ಪನ ಕೈ ಎರಡೂ ಸೇರಿ ಮುಂಗುಸಿ ನಿಧಾನವಾಗಿ ಜೀವ ಹಿಡಿಯಿತು. ಅಪ್ಪ ಅದಕ್ಕೆ ಕುಂಕುಮದ ಬಣ್ಣ ಬಳಿದ. ಅವ್ವ ಅಷ್ಟಕ್ಕೇ ಸುಮ್ಮನಾಗಲಿಲ್ಲ. "ಅಂಚಿಲ್ಲದ ಸೀರಿ ಯಾರಾರ ಉಡ್ತಾರೇನು?" ಎಂದು ಜಗಳವಾಡಿ, ಕೆಳಗೆ ಸುತ್ತಲೂ ಅರಿಸಿನದ ಬಣ್ಣದ ಪಟ್ಟಿ ಎಳೆಸಿದಳು. ನಮ್ಮ ಊರಿನ ಸೀರೆ ಉಟ್ಟ ಇನ್ನೊಂದು ಕಾರು ಈ ಭೂಮಿಯ ಮೇಲಿಲ್ಲ ಎಂದು ನಾನು ಈಗಲೂ ಬಾಜಿ ಕಟ್ಟುತ್ತೇನೆ. ಅವರಿಬ್ಬರೂ ಊರ ಹೊರಗಿನ ಸಡಕಿನಲ್ಲಿ ಒಂದು ಸುತ್ತು ಹೋಗಿ ಬರುತ್ತಿದ್ದರು. ಹೋಗುವಾಗ ಅವ್ವನ ತಲೆಯ ಮೇಲೆ ಸೆರಗಿರುತ್ತಿತ್ತು, ಬರುವಾಗ ಗಾಳಿಗೆ ಕೆದರಿದ ಕೂದಲಿರುತ್ತಿತ್ತು. ಪಡಸಾಲೆಯ ಹೊಸ್ತಿಲು ದಾಟಿದ ಕೂಡಲೇ ಇಬ್ಬರೂ ಮೂಗರು. ಮತ್ತೆ ನನ್ನ ಟಪಾಲು ಶುರು.

ಒಂದು ಅಮಾವಾಸ್ಯೆ ಮಾತ್ರ ಎಡವಟ್ಟಾಯಿತು. ಮುಂಗುಸಿ ಬಸ್‌ಸ್ಟ್ಯಾಂಡಿನ ಮುಂದೆ, ಸಂತೆಗೆ ಬಂದ ಜನರ ನಟ್ಟನಡುವೆ, ಕೆಮ್ಮಿ ಕೆಮ್ಮಿ ನಿಂತಿತು. ಅಪ್ಪ ಸ್ಟೇರಿಂಗ್ ಹಿಡಿದ, ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿಂದಿನಿಂದ ನೂಕಿದಳು. ಅರ್ಧ ಪೇಟೆಯೇ ಕೈಹಚ್ಚಿತು, ಸೀಟಿ ಹೊಡೆಯಿತು, ಓಣಿಯವರೆಗೂ ಮೆರವಣಿಗೆ ಮಾಡಿಕೊಂಡು ಬಂತು. ಅಜ್ಜಿ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದಳು. ಮರುದಿನ ಬೆಳಿಗ್ಗೆ ರಾಟೆ ನಿಲ್ಲಿಸಿ, ಕಂಬಕ್ಕೆ ಒರಗಿಕೊಂಡೇ ತೀರ್ಪು ಕೊಟ್ಟಳು.

"ನಾಗಮ್ಮನ ಸೊಸಿ ಬಜಾರದಾಗ ಗಾಡಿ ದಬ್ಬಿದ್ಲು ಅಂತ ಊರೆಲ್ಲ ಆಡಾಕತ್ತೈತಿ. ಕೇಳ್ರಿ ಇಬ್ಬರೂ. ಬರೋ ಅಮಾಸಿಗೆ ನನ್ನ ಮಕ್ತಲ್‌ಗೆ, ನಮ್ಮಕ್ಕನ ಮನಿಗೆ ಕರ್ಕೊಂಡು ಹೋಗಿ ಕರ್ಕೊಂಡು ಬರ್ರಿ. ದಾರ್ಯಾಗ ಯಾರೂ ದಬ್ಬದಂಗ ಬಂತಂದ್ರ ನಿಮ್ಮ ಕೋಳಿಗೂಡು ಮನ್ಯಾಗ ಇರ್ಲಿ. ಒಬ್ಬರ ಕೈ ಹತ್ತಿದ್ರೂ ಮರುದಿನ ಗುಜರಿಯವನ್ನ ಕರಸ್ತೀನಿ. ಆ ಜಾಗದಾಗ ಮಗ್ಗ ಹಾಕ್ತೀನಿ."

"ಹೂಂ, ಅವ್ವಾ," ಅಂದ ಅಪ್ಪ. ಅವ್ವ ತಲೆ ತಗ್ಗಿಸಿ ಲಾಳಿ ಎಸೆದಳು.

ಅವರಿಗೆ ಗಾಡಿ ಹೋಗುವ ಚಿಂತೆ. ನನಗೆ ಬೇರೆಯೇ ಭಯ. ಗಾಡಿ ಹೋದರೆ ಕೊಟ್ಟಿಗೆಯಲ್ಲಿ ಮಗ್ಗ ಬರುತ್ತದೆ, ಅಲ್ಲೂ ಲಾಳಿಯ ಸದ್ದೇ ತುಂಬುತ್ತದೆ, ಅಪ್ಪನ ಬಾಯಿಂದ ಸುಸೀ ಎನ್ನುವ ಹೆಸರು ಇನ್ನೆಲ್ಲಿ ಬರಬೇಕು? ಅವರಿಬ್ಬರ ಮಾತು ಬದುಕಿದ್ದದ್ದೇ ಆ ಬಾನೆಟ್ಟಿನ ಕೆಳಗೆ. ನಾನು ಮನೆಯ ಜಗುಲಿಯ ಮೇಲಿದ್ದ ಎಲ್ಲ ದೇವರಿಗೂ, ಸಾಲದೆಂದು ಮೈಲಾರಲಿಂಗನಿಗೂ ಬೀರಪ್ಪನಿಗೂ ಕೈಮುಗಿದೆ.

ಆ ತಿಂಗಳು ಸಂಜೆ ಮಗ್ಗ ಬಿಟ್ಟು ಎದ್ದ ಮೇಲೂ ಕೊಟ್ಟಿಗೆಯಲ್ಲಿ ಕೆಲಸ ನಡೆಯಿತು. ಪ್ಲಗ್ಗುಗಳನ್ನು ಬಿಚ್ಚಿ ಉಜ್ಜಿದರು, ಕಾರ್ಬೊರೇಟರನ್ನು ಸೀಮೆಎಣ್ಣೆಯಲ್ಲಿ ತೊಳೆದರು. ಮಳೆಗಾಲವಾದ್ದರಿಂದ ಟಪ್ಪು ಬೇಕಾಗುತ್ತದೆಂದು ಅವ್ವ ಅದನ್ನು ಬಿಚ್ಚಿ, ಸವಳು ಮಣ್ಣು ಹಚ್ಚಿ ಒಗೆದು, ಅಂಗಳದ ಹಗ್ಗದ ಮೇಲೆ ಹರವಿದಳು. ಅಲ್ಲಿಯವರೆಗೆ ಕೊಟ್ಟಿಗೆಯ ಕಡೆ ಮುಖ ಹಾಕದಿದ್ದ ಅಜ್ಜಿ ಅಂಗಳಕ್ಕೆ ಬಂದಳು. ಒಣಗಿದ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿದಳು. ಅವಳ ಮುಖ ಹುಳ್ಳಗಾಯಿತು.

"ಇದೇನಿದು, ಹೆಣದ ಮ್ಯಾಲಿನ ಬಟ್ಟಿ ಹಂಗ ಜೋತು ಬಿದ್ದೈತಿ! ಗಂಜಿ ಕಾಣದ ಬಟ್ಟಿ ಹೊದಿಸ್ಕೊಂಡು ನಾ ನಮ್ಮಕ್ಕನ ಮನಿಗೆ ಹೋಗ್ಲೇನು?"

ಅಜ್ಜಿಯ ಗಂಜಿ ಎಂದರೆ ಓಣಿಯಲ್ಲೇ ಹೆಸರುವಾಸಿ. ಬೆಳಗಿನ ತಂಪಿನಲ್ಲಿ ಓಣಿಯುದ್ದಕ್ಕೂ ಹಾಸಿನ ಎಳೆಗಳನ್ನು ಚಾಚಿ ಗಂಜಿ ಹಚ್ಚುವಾಗ ಪಕ್ಕದವರೂ ಬಂದು ಅವಳಿಂದ ಹದ ಕೇಳಿಕೊಂಡು ಹೋಗುತ್ತಿದ್ದರು. ಈಗ ಅವಳು ಸೆರಗು ಕಟ್ಟಿ, ಅಕ್ಕಿಯ ಗಂಜಿ ಕಾಸಿ, ಕುಂಚ ಅದ್ದಿ ಅದ್ದಿ ಆ ಟಪ್ಪಿಗೆ ಒಳಗೂ ಹೊರಗೂ ಬಳಿದಳು. ಒಂದು ಸಲ ಒಣಗಿದ ಮೇಲೆ ಸಮಾಧಾನವಾಗದೆ ಇನ್ನೊಂದು ಸಲ ಬಳಿದಳು. ಅಪ್ಪ ಅವ್ವನ ಕಡೆ ನೋಡಿದ, ಅವ್ವ ನನ್ನ ಕಡೆ ನೋಡಿದಳು.

"ಪದ್ದೀ, ನಿಮ್ಮಪ್ಪಗ ಹೇಳು, ಮಳಿ ಬಂದ್ರ ಏನ್ ಗತಿ ಅಂತ," ಎಂದು ಪಿಸುಗುಟ್ಟಿದಳು.

"ನಿಮ್ಮವ್ವಗ ಹೇಳು, ಸುಮ್ಮಕಿರು ಅಂತ."

ಟಪ್ಪು ಹಪ್ಪಳವಾಯಿತು. ಗಾಡಿಗೆ ಜೋಡಿಸಿದ ಮೇಲೆ ಅದನ್ನು ಮಡಚುವ ಮಾತೇ ಇರಲಿಲ್ಲ. ಅಜ್ಜಿ ಬೆರಳಿನ ಗಿಣ್ಣಿನಿಂದ ಅದನ್ನು ಬಡಿದು, "ಟಣ್ ಅನ್ನಾಕತ್ತೈತಿ ನೋಡ್ರಿ!" ಎಂದು ಓಣಿಗೆಲ್ಲ ತೋರಿಸಿದಳು. ಮುಂಗುಸಿಯ ಬಗ್ಗೆ ಅವಳು ಹೆಮ್ಮೆಯಿಂದ ಆಡಿದ ಮೊದಲ ಮಾತು ಅದು.

ಅಮಾವಾಸ್ಯೆ ಬಂತು. ಅವ್ವನ ಸೀಟಿನಲ್ಲಿ ಅಜ್ಜಿ ಕೂತಳು, ತೊಡೆಯ ಮೇಲೆ ಅಕ್ಕನಿಗೆಂದು ಶೇಂಗಾ ಹೋಳಿಗೆಯ ಡಬ್ಬಿ. ಸೀಟುಗಳ ಹಿಂದೆ ಗಂಟುಮೂಟೆ ಇಡುವ ಇಕ್ಕಟ್ಟು ಜಾಗದಲ್ಲಿ ಅವ್ವ, ಅವಳ ಮಡಿಲಲ್ಲಿ ನಾನು. ಅಪ್ಪ ಮಲ್ಲಕಂಬ ಹತ್ತುವವನಂತೆ ಧೋತರ ಬಿಗಿದು ಕೂತ. ಓಣಿಯವರೆಲ್ಲ ಷರತ್ತು ಗೊತ್ತಿದ್ದವರೇ, ಎಲ್ಲರೂ ಬಾಗಿಲಿಗೆ ಬಂದು ನಿಂತಿದ್ದರು. ಮುಂಗುಸಿ ಒಂದೇ ಏಟಿಗೆ ಶುರುವಾಯಿತು. ಊರು ದಾಟುವಷ್ಟರಲ್ಲಿ ಅವ್ವನ ಕಿವಿ ನೆಟ್ಟಗಾಯಿತು. ಅಪ್ಪನಿಗೊಂದು ಕೆಟ್ಟ ಚಾಳಿ: ಗಾಡಿ ಶುರುಮಾಡುವಾಗ ಎಳೆದ ಚೋಕನ್ನು ಒಳಗೆ ತಳ್ಳಲು ಮರೆಯುವುದು. ಹಾಗೆ ಮರೆತರೆ ಎಂಜಿನ್ನಿಗೆ ಪೆಟ್ರೋಲು ಹೆಚ್ಚಾಗಿ ಅದು ಉಸಿರುಗಟ್ಟಿ ನಿಲ್ಲುತ್ತಿತ್ತು. ಬೇರೆ ದಿನವಾಗಿದ್ದರೆ ಅವ್ವ ಕೂಗಿ ಹೇಳುತ್ತಿದ್ದಳು. ಈಗ ಮುಂದೆ ಅತ್ತೆ ಕೂತಿದ್ದಾಳೆ.

"ಪದ್ದೀ, ನಿಮ್ಮಪ್ಪಗ ಹೇಳು, ಚೋಕ್ ಒಳಗ ತಳ್ಳು ಅಂತ."

"ಅಪ್ಪಾ, ಚೋಕ್ ಒಳಗ ತಳ್ಳಬೇಕಂತ!"

"ತಳ್ಳೀನಿ ಅಂತ ಹೇಳು."

"ಅವ್ವಾ, ತಳ್ಳ್ಯಾನಂತ!"

"ಅರ್ಧ ತಳ್ಳ್ಯಾರ, ಪೂರಾ ತಳ್ಳು ಅಂತ ಹೇಳು."

ಗಾಳಿಯ ಸದ್ದಿನಲ್ಲಿ ನನ್ನ ಗಂಟಲು ಬಿದ್ದುಹೋಯಿತು. ಮಕ್ತಲ್ ಮುಟ್ಟುವವರೆಗೂ ಗೇರು, ಬ್ರೇಕು, ಎದುರಿಗೆ ಬರುವ ಲಾರಿ, ಎಲ್ಲವೂ ನನ್ನ ಬಾಯಿಂದಲೇ ಹಾದು ಹೋದವು. ನಡುವೆ ಅಜ್ಜಿ ಹೋಳಿಗೆಯ ಡಬ್ಬಿ ಅಪ್ಪಿಕೊಂಡು, ಕಣ್ಣು ಮುಚ್ಚಿ, ಶಿವ ಶಿವ ಎನ್ನುತ್ತ ಕೂತಿದ್ದಳು. ಆದರೆ ಒಂದು ಸಲ ಅವಳು ಕಣ್ಣು ತೆರೆದದ್ದನ್ನು ನಾನು ನೋಡಿದೆ. ಹಸಿರು ತೊಗರಿ ಹೊಲಗಳು ಹಿಂದಕ್ಕೆ ಓಡುತ್ತಿದ್ದವು, ಅವಳ ನರೆತ ಕೂದಲು ಹಾರುತ್ತಿತ್ತು. ತುಟಿಯ ಮೂಲೆಯಲ್ಲಿ ನಗುವಿತ್ತು. ನಾನು ನೋಡಿದ್ದು ಗೊತ್ತಾದ ಕೂಡಲೇ ಮತ್ತೆ ಶಿವ ಶಿವ ಶುರುಮಾಡಿದಳು.

ಮಕ್ತಲ್‌ನಲ್ಲಿ ದೊಡ್ಡಜ್ಜಿ ಆರತಿ ತಟ್ಟೆ ಹಿಡಿದೇ ಹೊರಗೆ ಬಂದಳು. ತಂಗಿಯನ್ನೋ ಗಾಡಿಯನ್ನೋ ಯಾರನ್ನು ಮೊದಲು ಬೆಳಗಬೇಕೆಂದು ತಿಳಿಯದೆ ಇಬ್ಬರನ್ನೂ ಸೇರಿಸಿ ಬೆಳಗಿದಳು. ಊಟವಾಯಿತು, ತಾಂಬೂಲವಾಯಿತು. ಅಜ್ಜಿ ಅಕ್ಕನಿಗೆ ಟಪ್ಪು ಬಡಿದು ತೋರಿಸಿದಳು, ಅಕ್ಕನೂ ಬಡಿದು ನೋಡಿ ಭೇಷ್ ಎಂದಳು. ಅರ್ಧ ಗೆದ್ದೆವು ಎಂದು ನಾನು ಬೆರಳು ಮಡಚಿಕೊಂಡೆ.

ವಾಪಸು ಬರುವಾಗ ಸಂಜೆ ಮೋಡ ಕವಿಯಿತು. ಅವ್ವ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಮೊದಲ ಹನಿ ಟಪ್ಪಿನ ಮೇಲೆ ತಮಟೆಯಂತೆ ಬಾರಿಸಿತು. ಆಮೇಲೆ ಧೋ ಎಂದು ಸುರಿಯಿತು. ಸ್ವಲ್ಪ ಹೊತ್ತಿಗೆ ಸದ್ದು ಮೆತ್ತಗಾಯಿತು. ಹಪ್ಪಳ ನೆನೆಯುತ್ತಿತ್ತು. ಅಜ್ಜಿಯ ಗಂಜಿ, ಪಾತ್ರೆಯಲ್ಲಿದ್ದಾಗಿನ ನೆನಪು ಬಂದಂತೆ, ಮತ್ತೆ ತೆಳ್ಳಗಾಗಿ ಹರಿಯತೊಡಗಿತು. ಮುಂದಿನ ಗಾಜಿನ ಮೇಲೆ ಬೆಳ್ಳಗೆ ಇಳಿಯಿತು. ಗಾಜು ಒರೆಸುವ ಕಡ್ಡಿ ಅದನ್ನು ತೆಗೆಯುವುದರ ಬದಲು, ಕುಂಚದಿಂದ ಬಳಿದ ಹಾಗೆ ನೀಟಾಗಿ ಗಾಜಿನ ತುಂಬ ಹರಡಿತು. ಒಳಗೂ ತೊಟ್ಟಿಕ್ಕಿತು, ಅಜ್ಜಿಯ ಬೈತಲೆಗೆ, ಅಪ್ಪನ ಮೂಗಿಗೆ, ನನ್ನ ಬಾಯಿಗೆ. ಅಪ್ಪ ಧೋತರದ ಚುಂಗಿನಿಂದ ಗಾಜು ಒರೆಸುತ್ತ, ಬಗ್ಗಿ ಇಣುಕುತ್ತ ಓಡಿಸುತ್ತಿದ್ದ. ಊರ ಹೊರಗಿನ ದಿಬ್ಬ ಹತ್ತಿದೆವು. ಇನ್ನೇನು ಇಳಿದರೆ ಊರು. ಅವ್ವ ಪಕ್ಕದ ಸಂದಿಯಿಂದ ಕತ್ತು ಹೊರಗೆ ಹಾಕಿ ದಾರಿ ನೋಡುತ್ತಿದ್ದಳು.

"ಪದ್ದೀ, ನಿಮ್ಮಪ್ಪಗ ಹೇಳು, ಮುಂದ ಎಮ್ಮಿ..."

ಟಪಾಲಿಗೆ ಸಮಯವಿರಲಿಲ್ಲ. ಊರಿಗೆ ಮರಳುವ ಎಮ್ಮೆಗಳ ಹಿಂಡು ಸಡಕಿನ ತುಂಬ ಇತ್ತು.

"ಎಮ್ಮಿ ಬಂದ್ವು ನೋಡ್ರೀ! ಎಡಕ್ಕ ಹೊಳ್ಳಸ್ರೀ! ಬ್ರೇಕ್ ಹಾಕ್ರೀ! ಕಣ್ಣಿಗೇನಾಗೇತ್ರೀ ನಿಮಗ!"

ಕೊಟ್ಟಿಗೆಯ ದನಿ! ಅಪ್ಪ ಎಡಕ್ಕೆ ಹೊರಳಿಸಿ ಬ್ರೇಕ್ ಒತ್ತಿದ. ಮುಂಗುಸಿ ಸಡಕಿನ ಅಂಚಿಗೆ ಹೋಗಿ, ಒಂದು ಸಲ ಸೀನಿ, ನಿಂತಿತು. ಎಮ್ಮೆಗಳು ಏನೂ ಆಗದವರಂತೆ ದಾಟಿಹೋದವು. ಅಪ್ಪ ಕೀಲಿ ತಿರುಗಿಸಿದ. ತಿರುಗಿಸಿದ, ತಿರುಗಿಸಿದ. ಕೊನೆಗೆ ಬ್ಯಾಟರಿ ಕಟ್ ಕಟ್ ಎಂದು ಲೊಟಗುಟ್ಟಿ ಸುಮ್ಮನಾಯಿತು.

"ಮತ್ತ ಚೋಕ್ ಎಳದಾಂಗ ಬಿಟ್ಟೀರಿ!" ಎಂದು ಅವ್ವ ಕೂಗಿದಳು.

"ಗಂಜ್ಯಾಗ ದಾರೀನ ಕಾಣವಲ್ದು, ಚೋಕ್ ಎಲ್ಲಿ ನೋಡ್ಲಿ ಸುಸೀ!"

"ಚೋಕ್ ಕಣ್ಣಿನಾಗ ನೋಡೋದಲ್ರೀ, ಕಿವ್ಯಾಗ ನೋಡೋದು!"

"ನಿನ್ನ ಕಿವಿ ಸುಡ್ಲಿ!"

"ನಿಮ್ಮ ಕೈ ಸುಡ್ಲಿ!"

ಅಪ್ಪ ಸಿಟ್ಟಿನಿಂದ ಹಿಂದಕ್ಕೆ ತಿರುಗಿದ. ಅವನ ಮೀಸೆಯಿಂದ ಗಂಜಿ ತೊಟ್ಟಿಕ್ಕುತ್ತಿತ್ತು. ಅವ್ವನ ಹುಬ್ಬುಗಳು ಬೆಳ್ಳಗಾಗಿ ಮುದುಕಿಯಾಗಿದ್ದಳು. ಒಬ್ಬರ ಮುಖ ಒಬ್ಬರು ನೋಡಿದರು. ಅವ್ವನಿಗೆ ಮೊದಲು ನಗು ತಡೆಯಲಾಗಲಿಲ್ಲ, ಆಮೇಲೆ ಅಪ್ಪನಿಗೆ. ಕೊಟ್ಟಿಗೆಯಲ್ಲಿ ನಕ್ಕ ಹಾಗೆಯೇ ಬಿದ್ದು ಬಿದ್ದು ನಕ್ಕರು, ಮುಂದಿನ ಸೀಟಿನಲ್ಲಿ ಯಾರಿದ್ದಾರೆಂಬುದು ನೆನಪಾಗುವವರೆಗೂ.

ಅವ್ವ ಅವಸರವಾಗಿ ತಲೆಯ ಮೇಲೆ ಸೆರಗು ಎಳೆದುಕೊಂಡಳು. ಅಜ್ಜಿ ಅಲ್ಲಾಡದೆ ಕೂತಿದ್ದಳು. ಬೈತಲೆಯಿಂದ ಮೂಗಿನವರೆಗೆ ಗಂಜಿಯ ಗೆರೆ ಇಳಿದಿತ್ತು. ಗಾಡಿ ನಿಂತಿದೆ, ಬ್ಯಾಟರಿ ಸತ್ತಿದೆ, ನೂಕದೆ ಬೇರೆ ದಾರಿಯಿಲ್ಲ. ನೂಕಿದರೆ ಗುಜರಿ. ಎಲ್ಲ ಮುಗಿಯಿತು ಎಂದುಕೊಂಡೆ. ಅಜ್ಜಿ ತುಟಿಯ ಮೇಲೆ ಇಳಿದದ್ದನ್ನು ನಾಲಗೆಯಿಂದ ನೆಕ್ಕಿ ನೋಡಿದಳು.

"ಹದ ಏನೋ ಸರಿ ಐತಿ," ಅಂದಳು. "ಇಳಸ್ರಿ ನನ್ನ."

ಅಪ್ಪ ಓಡಿಬಂದು ಇಳಿಸಿದ. ಮಳೆ ನಿಂತಿತ್ತು. ಅಜ್ಜಿ ಗಾಡಿಯ ಹಿಂದಕ್ಕೆ ಬಂದು ಸೆರಗು ಸೊಂಟಕ್ಕೆ ಸಿಕ್ಕಿಸಿದಳು, ಅವ್ವ ಬಜಾರದಲ್ಲಿ ಸಿಕ್ಕಿಸಿದ್ದಂತೆಯೇ. ನೂಕಲೆಂದು ಬಂದ ಅವ್ವನನ್ನು ತೋಳು ಹಿಡಿದು ತಡೆದಳು.

"ನೀ ಯಾಕ ಇಲ್ಲಿ? ಮುಂದ ಹೋಗಿ ಕುಂದ್ರು. ಅದು ನಿನ್ನ ಸೀಟು. ಕಿವಿ ಇದ್ದಾಕಿ ಅವನ ಬಾಜೂಕ ಇರಬೇಕು. ಪದ್ದೀ, ಬಾ ಇಲ್ಲಿ, ಕೈ ಹಚ್ಚು."

"ಅವ್ವಾ, ನೀ ದಬ್ಬೋದು ಬ್ಯಾಡ..." ಎಂದು ಅಪ್ಪ ತೊದಲಿದ.

"ಸುಮ್ನ ಕುಂತು ಗೇರ್ ಹಾಕೋ ಬೇಕೂಫ್!"

ಇಳಿಜಾರು ನಮ್ಮ ಕಡೆಗಿತ್ತು. ಅಜ್ಜಿ ಮತ್ತು ನಾನು ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಕೂಡಿಸಿ ನೂಕಿದೆವು. ಮುಂಗುಸಿ ಮೊದಲು ಬೇಡವೆಂದಿತು, ಆಮೇಲೆ ಉರುಳಿತು, ಅವ್ವ "ಈಗ ಬಿಡ್ರೀ!" ಎಂದು ಕೂಗಿದಳು, ಅಪ್ಪ ಕ್ಲಚ್ ಬಿಟ್ಟ. ಗಾಡಿ ಗುಡುಗಿ ಎದ್ದಿತು. ಸಡಕಿನ ನಡುವೆ ನಿಂತು ಅಜ್ಜಿ, ಮದುವೆಯ ಮನೆಯ ಹುಡುಗಿಯಂತೆ, ಎರಡೂ ಕೈ ಮೇಲೆತ್ತಿ ಕೇಕೆ ಹಾಕಿದಳು. ನಮ್ಮಜ್ಜಿ ಕೇಕೆ ಹಾಕಿದ್ದನ್ನು ಕೇಳಿದವಳು ನಾನೊಬ್ಬಳೇ.

ಟಪ್ಪು ಈಗ ಹಸಿ ಬಟ್ಟೆಯಾಗಿ ಸಲೀಸಾಗಿ ಮಡಚಿಕೊಂಡಿತು. ಅಜ್ಜಿ ನನ್ನ ಜೊತೆ ಹಿಂದೆ, ಮಡಚಿದ ಟಪ್ಪಿನ ಮೇಲೆ, ಎಲ್ಲರಿಗೂ ಕಾಣುವಂತೆ ಎತ್ತರದಲ್ಲಿ ಕೂತಳು. ಓಣಿ ಹೊಕ್ಕಾಗ ಎಲ್ಲರೂ ಕಾಯುತ್ತಿದ್ದರು. ಎದುರು ಮನೆಯ ತೆಲುಗಿನ ರಾಮುಲು ತಾತ ಮುಂದೆ ಬಂದು, "ಏಮ್ ನಾಗಮ್ಮಾ, ಬಂಡಿ ಎವರೈನಾ ನೆಟ್ಟಿನಾರಾ?" ಎಂದ. ಗಾಡಿಯನ್ನು ಯಾರಾದರೂ ನೂಕಿದರೇ ಎಂದು ಕೇಳಿದ್ದು. ಗಾಡಿಯ ಹಿಂಭಾಗದಲ್ಲಿ, ಕುಂಕುಮದ ಬಣ್ಣದ ಮೇಲೆ, ಗಂಜಿಯ ಎರಡು ಜೊತೆ ಅಂಗೈ ಗುರುತುಗಳು ಎದ್ದು ಕಾಣುತ್ತಿದ್ದವು. ಒಂದು ಜೊತೆ ದೊಡ್ಡದು, ಒಂದು ಜೊತೆ ಸಣ್ಣದು.

"ಯಾರ್ ದಬ್ತಾರ?" ಅಂದಳು ನಮ್ಮಜ್ಜಿ. "ಯಾರೂ ದಬ್ಬಿಲ್ಲ. ತಾನ ಬಂತು."

ಸುಳ್ಳಾಡಿದರೆ ನಾಲಗೆಗೆ ಬರೆ ಹಾಕುತ್ತೇನೆ ಎನ್ನುತ್ತಿದ್ದ ಅಜ್ಜಿ! ರಾಮುಲು ತಾತ ಆ ಗುರುತುಗಳನ್ನು ನೋಡಿದ, ಅಜ್ಜಿಯ ಕೈ ನೋಡಿದ, ಮೀಸೆಯಲ್ಲೇ ನಕ್ಕು ಒಳಗೆ ಹೋದ.

ಆ ಸಂಜೆ ಮೈತೊಳೆದುಕೊಂಡು ಊಟಕ್ಕೆ ಕೂತೆವು. ಅಪ್ಪ ತಾಟಿನ ಮುಂದೆ, ಅಜ್ಜಿ ಪಕ್ಕಕ್ಕೆ, ಅವ್ವ ಒಲೆಯ ಮುಂದೆ. ಗಾಡಿ ಉಳಿಯಿತು ಎಂದು ನನಗೆ ಹಸಿವೋ ಹಸಿವು. ಅವ್ವ ತವೆಯ ಮೇಲೆ ರೊಟ್ಟಿ ಹಾಕಿ, ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ಎಂದಿನಂತೆ ತಗ್ಗಿದ ದನಿಯಲ್ಲಿ ಹೇಳಿದಳು.

"ಪದ್ದೀ, ನಿಮ್ಮ ಅಪ್ಪಗ ಕೇಳು, ಇನ್ನೊಂದು ರೊಟ್ಟಿ..."

"ಆಕಿ ಯಾಕ ಕೇಳಬೇಕು?" ಅಂದಳು ಅಜ್ಜಿ. "ಆಕಿ ಉಣ್ಲಿ. ನಿನಗ ಬಾಯಿ ಇಲ್ಲೇನು? ಎಮ್ಮಿ ಬಂದಾಗ ಇತ್ತಲ್ಲ!"

ಅವ್ವ ಬೆಚ್ಚಿದಳು. ಅಪ್ಪ ತಾಟಿನೊಳಗೆ ಮುಖ ಹಾಕಿದ. ಅಜ್ಜಿ ಅವನ ಕಡೆ ತಿರುಗಿದಳು. ದನಿ ಸ್ವಲ್ಪ ಇಳಿಸಿದಳು.

"ನಿಮ್ಮಪ್ಪ ನನ್ನ ಹೆಸರು ಹಿಡಿದು ಕರದದ್ದು ನಾ ಒಂದು ದಿನಾನೂ ಕೇಳಲಿಲ್ಲೋ ತಮ್ಮಾ. ಕರೀತಾನೇನೋ ಅಂತ ಭಾಳ ವರ್ಷ ಕಾದೆ. ಅವನೂ ಹ್ವಾದ. ನೀನಾರ ಕರಿ. ಇಲ್ಲೇ ಕರಿ, ನನ್ನ ಮುಂದ."

ಅಪ್ಪ ಗಂಟಲು ಸರಿಮಾಡಿಕೊಂಡ. ಮತ್ತೆ ಸರಿಮಾಡಿಕೊಂಡ. ಬಾಗಿಲಿನಾಚೆ ಕೊಟ್ಟಿಗೆಯ ಕಡೆ ಒಮ್ಮೆ ನೋಡಿದ, ಅಲ್ಲಿಂದ ಧೈರ್ಯ ತಂದುಕೊಳ್ಳುವವನಂತೆ.

"ಸುಸೀ," ಅಂದ. "ಇನ್ನೊಂದು ರೊಟ್ಟಿ ಹಾಕು."

ಅವ್ವ ತವೆಯ ಮೇಲಿನ ರೊಟ್ಟಿಯನ್ನು ಮರೆತು ಅವನನ್ನೇ ನೋಡುತ್ತ ಕೂತುಬಿಟ್ಟಿದ್ದಳು. ರೊಟ್ಟಿ ಕರಕಾಗಿ ಹೊಗೆ ಎದ್ದಾಗಲೇ ಅವಳಿಗೆ ಎಚ್ಚರ. ಬೇರೆ ರೊಟ್ಟಿ ಬಡಿಯುತ್ತೇನೆ ಎಂದರೂ ಅಪ್ಪ ಕೇಳಲಿಲ್ಲ, ಅದನ್ನೇ ಹಾಕಿಸಿಕೊಂಡು ತಿಂದ. ನಾನು ಬಿಸಿಬಿಸಿ ಊಟ ಮಾಡಿದೆ. ಆ ಮನೆಯಲ್ಲಿ ನನಗೆ ಮತ್ತೆಂದೂ ಟಪಾಲಿನ ಕೆಲಸ ಇರಲಿಲ್ಲ.